ಅರ್ಥ ಕಟ್ಟುವ ಆಟಕ್ಕೆ ಎಂಥ ಪದ ಬೇಕು?



ನಿಘಂಟು ಹಿಡಿದು ಆಡುವ ಆಟವೊಂದಿದೆ. ಒಬ್ಬರು ಯಾರಿಗೂ ತಿಳಿಯದ ಪದವನ್ನು ಆರಿಸಿ ಓದುತ್ತಾರೆ. ಉಳಿದವರು ತಲೆಗೊಂದು ಸುಳ್ಳು ಅರ್ಥ ಕಟ್ಟಿ ಚೀಟಿಯಲ್ಲಿ ಬರೆದುಕೊಡುತ್ತಾರೆ. ಅವುಗಳ ನಡುವೆ ನಿಜವಾದ ಅರ್ಥವನ್ನೂ ಬೆರೆಸಿ ಓದಿದಾಗ, ಯಾವುದು ನಿಜವೆಂದು ಊಹಿಸಬೇಕು. ಇದೇ ಬಗೆಯ ಆಟವನ್ನು ಬ್ರಿಟನ್ನಿನ ಬಿಬಿಸಿ 1965ರಲ್ಲಿ ‘ಕಾಲ್ ಮೈ ಬ್ಲಫ್’ ಎಂಬ ಹೆಸರಿನಲ್ಲಿ ಕಿರುತೆರೆಗೆ ತಂದಿತು. ಆಟದ ಸೊಗಸೆಲ್ಲ ಪದದ ಆಯ್ಕೆಯಲ್ಲಿದೆ. ಆ ಆಯ್ಕೆಗೆ ಕನ್ನಡದ ಚರಿತ್ರೆಯೇ ಒಳ್ಳೆಯ ಮಾರ್ಗದರ್ಶಿ.

ಉದ್ದನೆಯ ಸಂಸ್ಕೃತ ಸಮಾಸಗಳು ಇಲ್ಲಿ ಒದಗುವುದಿಲ್ಲ; ಬಿಡಿಸಿದೊಡನೆ ಅರ್ಥ ಬಯಲಾಗುತ್ತದೆ. ಹಳಗನ್ನಡದ ಚಿಕ್ಕ ಪದಗಳೇ ಮೇಲು. ‘ಕೂರ್ಮೆ’ ಎಂದರೆ ಆಮೆಯ ನೆನಪಾಗುತ್ತದೆ. ಆದರೆ ಅದರ ಅರ್ಥ ಪ್ರೀತಿ. ‘ಎಲರ್’ ಎಂಬುದು ಎಲೆಯಲ್ಲ, ಗಾಳಿ. ಕಿವಿಗೆ ಪರಿಚಿತವೆನಿಸಿ ಊಹೆಯನ್ನು ಬೇರೆಡೆಗೆ ಒಯ್ಯುವ ಪದವೇ ಒಳ್ಳೆಯ ಪದ.

ಇಂಥ ಪದಗಳು ಒಂದು ಕಾಲಕ್ಕೆ ಕ್ಲಿಷ್ಟವಾಗಿರಲಿಲ್ಲ. ‘ಪೊೞಲ್’ ಎಂದರೆ ಪಟ್ಟಣ. ಕಾಲಕ್ರಮದಲ್ಲಿ ಪದಾದಿಯ ಪಕಾರ ಹಕಾರವಾಯಿತು, ‘ೞ’ ಅಕ್ಷರ ಬಳಕೆಯಿಂದ ಜಾರಿತು. ಪದವು ‘ಹೊಳಲು’ ಎಂಬ ಊರ ಹೆಸರುಗಳಲ್ಲಿ ಉಳಿಯಿತು. ಹತ್ತನೆಯ ಶತಮಾನದ ರನ್ನನ ‘ರನ್ನಕಂದ’ ಹಳೆಯ ಪದಗಳಿಗೆ ಅರ್ಥ ಹೇಳುವ ನಿಘಂಟು. ಇಂದು ಅದರ ಕೆಲವೇ ಪದ್ಯಗಳು ಸಿಕ್ಕಿವೆ. ಸುಮಾರು 1260ರಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ‘ೞ’ ಇರುವ ಪದಗಳನ್ನು ಪಟ್ಟಿ ಮಾಡಿದ. ‘ಪ್ರಯೋಗಸಾರ’ ಎಂಬ ಭಾಗದಲ್ಲಿ ಅಪರೂಪದ ಪದಗಳಿಗೆ ಅರ್ಥ ಕೊಟ್ಟ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ಲರ ನಿಘಂಟು ಸುಮಾರು 70,000 ಪದಗಳನ್ನು ಕೂಡಿಟ್ಟಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಪದಗಳ ಜೊತೆಗೆ ಅವು ಬಳಕೆಯಾದ ವಾಕ್ಯಗಳನ್ನೂ ಕೊಡುತ್ತದೆ. ನಮ್ಮ ಆಟ ನಡೆಯುವುದು ಈ ಭಂಡಾರದ ಮೇಲೆ.

ಆದರೆ ನಮಗೆ ತಿಳಿಯದ್ದೆಲ್ಲ ಸತ್ತ ಪದವಲ್ಲ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿ ನಾಗರಹೊಳೆ ಅರಣ್ಯದ ಹೆಬ್ಬಾಗಿಲು. ಆ ಸೀಮೆಯಲ್ಲಿ ‘ಹಾಡಿ’ ಎಂದರೆ ಜೇನುಕುರುಬ ಮೊದಲಾದ ಗಿರಿಜನರ ವಸತಿ. ಕುಂದಾಪುರದ ಕಡೆ ಅದೇ ಪದಕ್ಕೆ ಮರಗಿಡಗಳ ತೋಪು ಎಂದರ್ಥ. ಎರಡನ್ನೂ ಅರಿಯದವರು ‘ಹಾಡು’ ಎಂಬುದರಿಂದ ಅರ್ಥ ಕಟ್ಟಿಯಾರು. ಒಬ್ಬರಿಗೆ ಒಗಟಾದ ಪದ ಇನ್ನೊಬ್ಬರ ಮನೆಯ ವಿಳಾಸ! ಅಂಥ ಪದವನ್ನು ಆರಿಸುವುದಾದರೆ, ನಗು ಆಡುವವರ ಊಹೆಯ ಮೇಲಿರಲಿ, ಪದ ಬಳಸುವವರ ಮೇಲೆ ಬೇಡ.

ಇನ್ನೊಂದು ಮಾತು. ಕಾಡಿನೊಳಗಿನ ಹಾಡಿಗಳ ಎಷ್ಟೋ ಕುಟುಂಬಗಳು ಇಂದು ಹೊರಗಿನ ಪುನರ್ವಸತಿ ಕೇಂದ್ರಗಳಲ್ಲಿವೆ. ಜೇನು ಇಳಿಸುವ, ಗೆಡ್ಡೆ ಅಗೆಯುವ ಕೆಲಸ ತಪ್ಪಿದರೆ ಆ ಕೆಲಸದ ಪದಗಳೂ ತಪ್ಪುತ್ತವೆ. ‘ಪೊೞಲ್’ ಮರೆಯಾಗಲು ಶತಮಾನಗಳೇ ಹಿಡಿದವು. ಇವಕ್ಕೆ ಒಂದೆರಡು ತಲೆಮಾರು ಸಾಕು.

ಆದ್ದರಿಂದ ನಿಮ್ಮ ಕಾಲೇಜಿನಲ್ಲಿ ಈ ಆಟ ಆಡುವಾಗ ಹತ್ತು ಪದಗಳನ್ನು ನಿಘಂಟಿನಿಂದ ತೆಗೆಯಿರಿ. ಎರಡನ್ನು ನಿಮ್ಮ ಊರಿನ ಹಿರಿಯರಿಂದ ಕೇಳಿ ಬರೆದುಕೊಳ್ಳಿ. ಯಾವ ಊರು, ಯಾವ ಕೆಲಸ, ಯಾವ ವಾಕ್ಯ ಎಂಬುದನ್ನೂ ಗುರುತಿಸಿ. ಕೇಶಿರಾಜ ತನ್ನ ಕಾಲದಲ್ಲಿ ಮಾಡಿದ್ದು ಈ ಕೆಲಸವನ್ನೇ.