ಬೆಕ್ಕಿನ ಪಾಲು

ಮನೆಗೆ ಬೆಕ್ಕನ್ನೋ ನಾಯಿಯನ್ನೋ ತರುವ ಮಾತು ಬಂದಾಗ ನಾವು ಮೊದಲು ಕೇಳುವುದು ತಳಿ ಯಾವುದು, ಬೆಲೆ ಎಷ್ಟು ಎಂದು. ಮಕ್ಕಳ ಹಟಕ್ಕೆ, ಹುಟ್ಟುಹಬ್ಬದ ಉಡುಗೊರೆಗೆ ಪ್ರಾಣಿ ಮನೆಗೆ ಬರುತ್ತದೆ. ಅದು ಎಲ್ಲಿ ಮಲಗಬೇಕು, ಮನೆಗೆ ಬೀಗ ಹಾಕಿ ಊರಿಗೆ ಹೋದಾಗ ಅದಕ್ಕೆ ಅನ್ನ ಹಾಕುವವರು ಯಾರು, ಮುದಿಯಾದರೆ ಏನು ಗತಿ ಎಂಬ ಪ್ರಶ್ನೆಗಳೆಲ್ಲ ಆಮೇಲೆ ಏಳುತ್ತವೆ. ಉತ್ತರ ಸಿಗದಿದ್ದರೆ ಗೋಣಿಚೀಲದಲ್ಲಿ ತುಂಬಿ ಮೀನು ಮಾರ್ಕೆಟ್ಟಿನ ಬಳಿ ಬಿಟ್ಟು ಬರುವುದೂ ನಮ್ಮ ಊರುಗಳಿಗೆ ಹೊಸತಲ್ಲ. 2020ರಲ್ಲಿ ಕೊರೊನಾ ಹರಡಿದಾಗ, ಸಾಕುಪ್ರಾಣಿಗಳಿಂದ ರೋಗ ಬರುತ್ತದೆಂಬ ಗಾಳಿಮಾತಿಗೆ ಹೆದರಿ ಹಲವರು ತಮ್ಮ ನಾಯಿ ಬೆಕ್ಕುಗಳನ್ನು ಬೀದಿಪಾಲು ಮಾಡಿದರು. ಆದರೆ ಪ್ರಾಣಿ ಬರುವ ಮುನ್ನವೇ ಮನೆಯಲ್ಲಿ ಅದರ ಪಾಲನ್ನು ಗೊತ್ತುಪಡಿಸಬೇಕು ಎಂಬ ವಿಚಾರ ಇಂದಿನದಲ್ಲ. ಅದಕ್ಕೆ ಉದ್ದದ ಚರಿತ್ರೆಯಿದೆ.

ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಗೋರಿಯೊಂದು ಸಿಕ್ಕ ಸುದ್ದಿ 2004ರಲ್ಲಿ ಪ್ರಕಟವಾಯಿತು. ಮನುಷ್ಯನ ಅಸ್ಥಿಪಂಜರದಿಂದ ಮೊಳದಷ್ಟೇ ದೂರದಲ್ಲಿ ಎಂಟು ತಿಂಗಳ ಬೆಕ್ಕೊಂದರ ಇಡೀ ಅಸ್ಥಿಪಂಜರವಿತ್ತು. ಆ ದ್ವೀಪದಲ್ಲಿ ಬೆಕ್ಕು ಮೂಲತಃ ಇರಲಿಲ್ಲ. ಅಂದರೆ ಯಾರೋ ಅದರ ಪೂರ್ವಿಕರನ್ನು ದೋಣಿಯಲ್ಲಿಟ್ಟುಕೊಂಡು ಸಮುದ್ರ ದಾಟಿಸಿದ್ದರು. ಧಾನ್ಯದ ಕಣಜಕ್ಕೆ ಬರುವ ಇಲಿಗಳ ಬೆನ್ನುಹತ್ತಿ ಬೆಕ್ಕು ಮನುಷ್ಯನ ಹತ್ತಿರ ಬಂತೆಂದು ವಿದ್ವಾಂಸರು ಹೇಳುತ್ತಾರೆ. ಹತ್ತಿರ ಬಂದದ್ದು ಅದರ ಇಷ್ಟ. ದೋಣಿ ಹತ್ತಿಸಿದ್ದು ನಮ್ಮ ಇಷ್ಟ. ಹೊಣೆ ಶುರುವಾಗುವುದು ಅಲ್ಲಿಂದ.

ಈ ಹೊಣೆಯ ಕುರಿತು ಹದೀಸ್ ಗ್ರಂಥಗಳಲ್ಲಿ ಎರಡು ಪ್ರಸಂಗಗಳಿವೆ. ಸಹಾಬಿ ಅಬೂ ಕತಾದ ಅವರಿಗೆ ಸೊಸೆ ಕಬ್ಶ ವುಝೂಗೆ ನೀರು ತಂದಿಡುತ್ತಾರೆ. ಬೆಕ್ಕೊಂದು ಬಂದು ಬಾಯಿ ಹಾಕುತ್ತದೆ. ಅಬೂ ಕತಾದ ಅದನ್ನು ಓಡಿಸುವ ಬದಲು ಅದು ಸರಿಯಾಗಿ ಕುಡಿಯಲೆಂದು ಪಾತ್ರೆಯನ್ನೇ ಬಾಗಿಸಿ ಹಿಡಿಯುತ್ತಾರೆ. ಸೊಸೆ ಬೆರಗಿನಿಂದ ನೋಡಿದಾಗ, ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ನಡುವೆ ಓಡಾಡಿಕೊಂಡಿರುವ ಜೀವಿ ಎಂದು ಪ್ರವಾದಿಯವರು(ಸ) ಹೇಳಿದ್ದನ್ನು ನೆನಪಿಸುತ್ತಾರೆ. ಇನ್ನೊಂದು ಪ್ರಸಂಗ ಎಲ್ಲರಿಗೂ ಗೊತ್ತು. ಒಬ್ಬಾಕೆ ಬೆಕ್ಕನ್ನು ಕೂಡಿಹಾಕಿ ಕೊಂದ ತಪ್ಪಿಗೆ ನರಕದ ಪಾಲಾದಳು. ಅಲ್ಲಿ ಅವಳ ತಪ್ಪನ್ನು ಹೇಳಿರುವ ಬಗೆಯನ್ನು ಗಮನಿಸಬೇಕು: ಅವಳು ತಾನೂ ಉಣಿಸಲಿಲ್ಲ, ನೆಲದ ಹುಳಹುಪ್ಪಟೆ ತಿಂದು ಬದುಕಲು ಬಿಡಲೂ ಇಲ್ಲ. ಬಾಗಿಲು ಮುಚ್ಚಿದವರ ಮೇಲೆಯೇ ಅನ್ನದ ಹೊಣೆಯೂ ಬೀಳುತ್ತದೆ ಎಂಬುದು ಇದರ ತಾತ್ಪರ್ಯ.

ಇದನ್ನು ಹಕ್ಕುಗಳ ಪಟ್ಟಿಯಾಗಿಯೇ ಬರೆದಿಟ್ಟವರು ಹದಿಮೂರನೆಯ ಶತಮಾನದ ಶಾಫಿ ವಿದ್ವಾಂಸ ಇಝ್ಝುದ್ದೀನ್ ಇಬ್ನ್ ಅಬ್ದುಸ್ಸಲಾಮ್. ಡಮಾಸ್ಕಸ್‌ನಲ್ಲಿ ಹುಟ್ಟಿ, 1262ರಲ್ಲಿ ಕೈರೋದಲ್ಲಿ ತೀರಿಕೊಂಡ ಅವರು ದೊರೆಗಳೆದುರು ತಲೆಬಾಗದವರೆಂದು ಹೆಸರಾದವರು. ತಮ್ಮ ‘ಕವಾಇದುಲ್ ಅಹ್ಕಾಮ್’ ಗ್ರಂಥದಲ್ಲಿ ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಅವರು ಎಣಿಸುತ್ತಾರೆ. ಮುದಿಯಾಗಿ ಅಥವಾ ಕಾಯಿಲೆ ಬಿದ್ದು ಪ್ರಯೋಜನಕ್ಕೆ ಬಾರದಿದ್ದರೂ ಅದಕ್ಕಾಗಿ ಖರ್ಚು ಮಾಡಬೇಕು. ಶಕ್ತಿ ಮೀರಿದ ಹೊರೆ ಹೊರಿಸಬಾರದು. ಸ್ವಜಾತಿಯದಾಗಲಿ ಅನ್ಯಜಾತಿಯದಾಗಲಿ, ಇರಿದು ಕಚ್ಚುವ ಪ್ರಾಣಿಗಳ ಜೊತೆ ಕೂಡಬಾರದು. ಮಲಗುವ ಜಾಗ ಹಸನಾಗಿರಬೇಕು. ಮರಿಗಳನ್ನು ಅದರ ಕಣ್ಣೆದುರು ಕೊಯ್ಯಬಾರದು.

ದನಕರು, ಕುದುರೆ, ಒಂಟೆಗಳ ಕಾಲದ ಈ ಪಟ್ಟಿಯನ್ನು ಇಂದಿನ ಎರಡು ಕೋಣೆಯ ಬಾಡಿಗೆ ಮನೆಗೆ ತಂದು ನೋಡಿ, ಬಹುಪಾಲು ಹಾಗೆಯೇ ಹೊಂದುತ್ತದೆ. ಹೊಸ ಬೆಕ್ಕಿಗೆ ಮೊದಲ ಕೆಲವು ದಿನ ಒಂದೇ ಕೋಣೆ, ಅವಿತುಕೊಳ್ಳಲು ಒಂದು ಮೂಲೆ, ಮರಳಿನ ತಟ್ಟೆ, ಅದರಿಂದ ದೂರದಲ್ಲಿ ನೀರು ಬೇಕು. ಮನೆಯಲ್ಲಿ ಹಳೆಯ ಬೆಕ್ಕಿದ್ದರೆ ಎರಡನ್ನೂ ಒಮ್ಮೆಗೇ ಎದುರುಬದುರು ಬಿಡಬಾರದು. ಬಾಗಿಲ ಸಂದಿಯಲ್ಲಿ ವಾಸನೆಯ ಪರಿಚಯ ಮೊದಲಾಗಲಿ. ಮಹಡಿಯ ಮನೆಯಾದರೆ ಬಾಲ್ಕನಿಗೆ ಬಲೆ ಕಟ್ಟಿಸಬೇಕು. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿಗೆ ವಿಷ. ಅದು ಕೈಗೆಟುಕದ ಕಪಾಟಿಗೆ ಹೋಗಬೇಕು. ಹುಚ್ಚುನಾಯಿ ರೋಗದ ಲಸಿಕೆಯನ್ನು, ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ತಿಂಗಳ ಖರ್ಚಿನ ಲೆಕ್ಕದಲ್ಲಿ ಮೊದಲೇ ಸೇರಿಸಬೇಕು. ಬೆಕ್ಕು ಹದಿನೈದು ವರ್ಷ ಬದುಕಬಹುದು. ಇಂದು ಹಟ ಮಾಡುತ್ತಿರುವ ಹತ್ತು ವರ್ಷದ ಮಗು ಅಷ್ಟರಲ್ಲಿ ಓದು ಮುಗಿಸಿ ಬೇರೆ ಊರಲ್ಲಿರುತ್ತದೆ. ಆಗ ಬೆಕ್ಕು ಯಾರದು? ಈ ಪ್ರಶ್ನೆಗೆ ಮನೆಯವರೆಲ್ಲ ಕೂತು ಉತ್ತರ ಕಂಡುಕೊಂಡ ಮೇಲೆ ಉಳಿದದ್ದೆಲ್ಲ ಸುಲಭ.

ಸಾಕಿದವನು ಉಣಿಸದಿದ್ದರೆ ಏನು ಮಾಡಬೇಕು ಎಂಬುದನ್ನೂ ಹಿಂದಿನವರು ಚರ್ಚಿಸಿದ್ದಾರೆ. ಖರ್ಚು ಮಾಡು, ಇಲ್ಲವೇ ಮಾರು ಎಂದು ಖಾಝಿ ಅವನನ್ನು ಒತ್ತಾಯಿಸಬಹುದೆಂದು ಶಾಫಿ ಮದ್ಹಬ್ ಹೇಳಿತು. ಇಮಾಮ್ ಅಬೂ ಹನೀಫ ಅವರ ದೃಷ್ಟಿಯಲ್ಲಿ ಇದು ನ್ಯಾಯಾಲಯದ ಒತ್ತಾಯಕ್ಕೆ ಬರುವ ವಿಷಯವಲ್ಲ, ದೇವರ ಮುಂದೆ ಉತ್ತರಿಸಬೇಕಾದ ಬಾಧ್ಯತೆ. ಹಾಗಾಗಿ ನಮ್ಮ ಕರಾವಳಿಯ ಶಾಫಿ ಮನೆಗಳಿಗಾಗಲಿ ಬಯಲುಸೀಮೆಯ ಹನಫಿ ಮನೆಗಳಿಗಾಗಲಿ ಈ ಹೊಣೆಯಿಂದ ವಿನಾಯಿತಿಯಿಲ್ಲ. ಕೇಳುವ ನ್ಯಾಯಾಧೀಶ ಮಾತ್ರ ಬೇರೆ.

ಇಝ್ಝುದ್ದೀನ್ ತೀರಿಕೊಂಡಾಗ ಕೈರೋದಲ್ಲಿ ಆಳುತ್ತಿದ್ದವನು ಸುಲ್ತಾನ್ ಬೈಬರ್ಸ್ (1260-1277). ಯುದ್ಧಗಳಲ್ಲಿ ನಿರ್ದಯಿಯೆನಿಸಿದ್ದ ಈತ ಕೈರೋದ ಉತ್ತರದಲ್ಲಿ ತನ್ನ ಮಸೀದಿಯ ಬಳಿಯ ತೋಟವೊಂದನ್ನು ಬೆಕ್ಕುಗಳಿಗಾಗಿ ಬಿಟ್ಟುಹೋದನೆಂದು ಪ್ರತೀತಿ. 1830ರ ದಶಕದಲ್ಲಿ ಕೈರೋದಲ್ಲಿದ್ದ ಇಂಗ್ಲಿಷ್ ವಿದ್ವಾಂಸ ಎಡ್ವರ್ಡ್ ಲೇನ್ ಇದನ್ನು ದಾಖಲಿಸಿದ್ದಾರೆ. ಆ ಹೊತ್ತಿಗೆ ತೋಟ ಕೈಯಿಂದ ಕೈಗೆ ಮಾರಾಟವಾಗಿ, ಬೆಕ್ಕುಗಳ ಪಾಲಿಗೆ ವರ್ಷಕ್ಕೆ ಬರೀ 15 ಪಿಯಾಸ್ತರ್ ಉಳಿದಿತ್ತು. ಆದರೂ ದಿನವೂ ಅಸರ್ ಹೊತ್ತಿಗೆ ನ್ಯಾಯಾಲಯದ ಅಂಗಳದಲ್ಲಿ ಬೆಕ್ಕುಗಳ ಹಿಂಡು ನೆರೆಯುತ್ತಿತ್ತು. ವಕ್ಫ್‌ಗಳ ಪಾಲಕನಾದ ಕಾರಣ ಖಾಝಿಯೇ ಬಹುಪಾಲು ಖರ್ಚು ಹೊತ್ತು ಅವುಗಳಿಗೆ ಉಣಿಸಬೇಕಾಗಿತ್ತು. ತೋಟ ಹೋದರೂ ಹೊಣೆ ಹೋಗಲಿಲ್ಲ. ದುಡಿಯಲಾಗದ ಮುದಿ ಪ್ರಾಣಿಗಳು ಸಾಯುವ ತನಕ ಮೇಯಲೆಂದು ಡಮಾಸ್ಕಸ್‌ನಲ್ಲಿ ಹುಲ್ಲುಗಾವಲೊಂದು ವಕ್ಫ್ ಆಗಿತ್ತೆಂದೂ, ಬಳಿಕ ಅಲ್ಲಿ ಆಟದ ಮೈದಾನ ಎದ್ದಿತೆಂದೂ ಸಿರಿಯಾದ ವಿದ್ವಾಂಸ ಮುಸ್ತಫಾ ಸಿಬಾಯಿ ಬರೆದಿದ್ದಾರೆ.

ಇಷ್ಟಕ್ಕೇ ಬೀಗುವ ಹಾಗೂ ಇಲ್ಲ. ಬೀದಿನಾಯಿಗಳಿಗೆ ತಲೆತಲಾಂತರದಿಂದ ಅನ್ನ ಹಾಕುತ್ತಿದ್ದ ಇಸ್ತಾಂಬುಲ್‌ನಲ್ಲೇ 1910ರಲ್ಲಿ, ನಗರವನ್ನು ಆಧುನಿಕಗೊಳಿಸುವ ಹುಮ್ಮಸ್ಸಿನಲ್ಲಿ, ಹತ್ತಾರು ಸಾವಿರ ನಾಯಿಗಳನ್ನು ಹಿಡಿದು ಬರಡು ದ್ವೀಪವೊಂದಕ್ಕೆ ಸಾಗಿಸಲಾಯಿತು. ಅವು ಅಲ್ಲಿ ಹಸಿವು ಬಾಯಾರಿಕೆಗಳಿಂದ ಸತ್ತವು. ಒಳ್ಳೆಯ ಪರಂಪರೆಯೊಂದಿದ್ದರೆ ಸಾಲದು, ಪ್ರತಿ ತಲೆಮಾರೂ ಅದನ್ನು ಹೊಸದಾಗಿ ಹೊರಬೇಕಾಗುತ್ತದೆ.

ನಮ್ಮ ಹಂಪಿಯ ಕಡೆಯ ಕಥೆಯೊಂದನ್ನು ಬಾಲ್ಯದಲ್ಲಿ ಎಲ್ಲರೂ ಕೇಳಿದ್ದೇವೆ. ಇಲಿಗಳ ಕಾಟಕ್ಕೆ ಕೃಷ್ಣದೇವರಾಯ ಮನೆಗೊಂದು ಬೆಕ್ಕು ಕೊಡಿಸಿದ. ತೆನಾಲಿ ರಾಮಕೃಷ್ಣ ತನ್ನ ಬೆಕ್ಕಿಗೆ ಕುದಿಯುವ ಹಾಲಿಟ್ಟು, ಅದು ಹಾಲು ಕಂಡರೇ ಓಡುವಂತೆ ಮಾಡಿದ. ನಾವು ರಾಮಕೃಷ್ಣನ ಜಾಣತನಕ್ಕೆ ನಗುತ್ತೇವೆ; ಬಾಯಿ ಸುಟ್ಟುಕೊಂಡ ಬೆಕ್ಕಿನ ನೆನಪು ಯಾರಿಗೂ ಬರುವುದಿಲ್ಲ. ಆದರೆ ಕಥೆಯಲ್ಲಿ ಇನ್ನೊಂದು ಮಾತಿದೆ. ರಾಯ ಬೆಕ್ಕಿನ ಜೊತೆ, ಅದರ ಹಾಲಿಗೆಂದು ಒಂದೊಂದು ಹಸುವನ್ನೂ ಕೊಟ್ಟಿದ್ದ. ಚರಿತ್ರೆಯಲ್ಲದಿದ್ದರೂ ಈ ಜನಪದ ಕಥೆಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ಜೀವವನ್ನು ಕೊಡುವಾಗ ಅದರ ಅನ್ನದ ದಾರಿಯನ್ನೂ ಕೊಡಬೇಕು.

ಭಾರತದ ಕಾನೂನೂ ಇದನ್ನೇ ಹೇಳುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಸಾಕಿದ ಪ್ರಾಣಿಗೆ ಅನ್ನ, ನೀರು, ನೆರಳು ಕೊಡದಿರುವುದೂ, ಹಸಿವಿನಿಂದ ನರಳುವಂತೆ ತೊರೆಯುವುದೂ ಅಪರಾಧ. ಆದರೆ 1982ರ ತಿದ್ದುಪಡಿಯಲ್ಲಿ ಮೊದಲ ಅಪರಾಧಕ್ಕೆ ಗೊತ್ತುಮಾಡಿದ ದಂಡ 10ರಿಂದ 50 ರೂಪಾಯಿ. ಐವತ್ತು ರೂಪಾಯಿಯ ಭಯಕ್ಕೆ ಯಾರೂ ಗೋಣಿಚೀಲವನ್ನು ಕೆಳಗಿಡಲಾರರು. ಅದನ್ನು ಕೆಳಗಿಡಿಸಬೇಕಾದದ್ದು ಅಬೂ ಕತಾದ ಪಾತ್ರೆಯನ್ನು ಬಾಗಿಸಿ ಹಿಡಿದಾಗ ಅವರೊಳಗಿದ್ದ ಎಚ್ಚರ. ಆ ಎಚ್ಚರ ಮನೆಯಲ್ಲಿದ್ದರೆ ಬೆಕ್ಕನ್ನು ಧಾರಾಳವಾಗಿ ತನ್ನಿ. ಇಲ್ಲದಿದ್ದರೆ ಅಂಗಳದ ಮೂಲೆಯಲ್ಲಿ ಒಂದು ತಟ್ಟೆ ನೀರಿಟ್ಟು, ಬೀದಿಯ ಬೆಕ್ಕನ್ನು ಅದರ ಪಾಡಿಗೆ ಓಡಾಡಲು ಬಿಡಿ.