ಅಂತರ್ಜಾಲ ವಿಡಿಯೊ: ಗುಣಮಟ್ಟದ ಆಯ್ಕೆ ಹೇಗೆ?

ಅಂಬಿಕಾನಗರ: ನಾಗಝರಿ ವಿದ್ಯುದಾಗಾರದ ನೌಕರರಿಗಾಗಿ ಬೆಳೆದ ಈ ಊರಿನಂತೆ ಬೆಟ್ಟ, ಕಾಡುಗಳ ನಡುವಿರುವ ಊರುಗಳಲ್ಲಿ ಮೊಬೈಲ್ ಸಿಗ್ನಲ್ ದುರ್ಬಲವಾಗುವುದು ಸಹಜ. ಮಕ್ಕಳ ಪಾಠದ ವಿಡಿಯೊ ನಿಂತು ನಿಂತು ಸಾಗುತ್ತಿದ್ದರೆ ಮೊದಲು ಗುಣಮಟ್ಟ ತಗ್ಗಿಸಿ ನೋಡಬೇಕು.

1080ಪಿ ಚಿತ್ರದಲ್ಲಿ 360ಪಿಗಿಂತ ಒಂಬತ್ತು ಪಟ್ಟು ಚುಕ್ಕೆಗಳಿರುತ್ತವೆ. ಸೆಕೆಂಡಿಗೆ 1 ಮೆಗಾಬಿಟ್ ಬೇಡುವ ವಿಡಿಯೊ ಗಂಟೆಗೆ 450 ಮೆಗಾಬೈಟ್ ಡೇಟಾ ನುಂಗುತ್ತದೆ. ಅಂಗೈಯಗಲದ ತೆರೆಗೆ 480ಪಿ ಧಾರಾಳವಾಯಿತು. ಕಪ್ಪುಹಲಗೆಯ ಸಣ್ಣ ಅಕ್ಷರ ಓದಲಾಗದಿದ್ದರಷ್ಟೇ 720ಪಿ. ‘ಆಟೊ’ ಆಯ್ಕೆಯು ವೇಗಕ್ಕೆ ತಕ್ಕಂತೆ ಗುಣಮಟ್ಟವನ್ನು ಏರಿಳಿಸುತ್ತದೆ, ಆದರೆ ಸಂಪರ್ಕ ಚೆನ್ನಾಗಿದ್ದಾಗ ಡೇಟಾ ಬೇಗ ಕರಗುತ್ತದೆ.

ನಮೂನೆಯ ಚಿಂತೆ ಹೆಚ್ಚಾಗಿ ವಿಡಿಯೊ ಸಿದ್ಧಪಡಿಸುವವರದು. 2003ರಲ್ಲಿ ಬಂದ ಎಚ್.264 ಹಳೆಯ ಫೋನಿನಲ್ಲೂ ಓಡುತ್ತದೆ. 2018ರ ಎವಿ1 ಅಷ್ಟೇ ಸ್ಪಷ್ಟತೆಯನ್ನು ಕಡಿಮೆ ಡೇಟಾದಲ್ಲಿ ನೀಡುತ್ತದೆಯಾದರೂ ತಕ್ಕ ಚಿಪ್ ಇಲ್ಲದ ಫೋನಿನ ಬ್ಯಾಟರಿಯನ್ನು ಬೇಗ ಬರಿದು ಮಾಡುತ್ತದೆ.