ಇನ್ನೆಷ್ಟು ಬೇಕ್ಲಾ?

2016ರ ಮಾರ್ಚ್ 23. ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಭಾರತ-ಬಾಂಗ್ಲಾದೇಶ ಟಿ-ಟ್ವೆಂಟಿ ವಿಶ್ವಕಪ್ ಪಂದ್ಯ. ಊರ ಹಬ್ಬಕ್ಕೆ ಅಂತ ರಜಾ ಹಾಕಿ ಮದ್ದೂರಿನ ಹತ್ತಿರದ ನಮ್ಮ ಹಳ್ಳಿಗೆ ಹೋಗಿದ್ದೆ. ಕೊನೇ ಓವರು, ಬಾಂಗ್ಲಾಕ್ಕೆ 11 ರನ್ ಬೇಕು. ನಾನೂ ಅಪ್ಪನೂ 21 ಇಂಚಿನ ಡಬ್ಬಾ ಟೀವಿ ಮುಂದೆ ಕೂತಿದ್ದೀವಿ. ಒಂದೊಂದು ಬಾಲ್ ಆದಾಗಲೂ ಅಪ್ಪನದು ಒಂದೇ ಪ್ರಶ್ನೆ: "ಇನ್ನೆಷ್ಟು ಬೇಕ್ಲಾ?"

ಎರಡು ಸಲ ಹೇಳಿದೆ. ಮೂರನೇ ಸಲ ರೇಗಿತು. "ಕೆಳಗಡೆ ಬರ್ತಾ ಐತಲ್ಲಪ್ಪ, ನೋಡು" ಅಂದೆ. ಅಪ್ಪ ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ಸುಮ್ಮನೆ ಗೋಡೆಗೆ ಒರಗಿಕೊಂಡ. "ನನ್ ಕಣ್ ಹೋಯ್ತು ಬುಡು" ಅಂದ.

ಮುಂದಿನದು ನಿಮಗೆಲ್ಲ ಗೊತ್ತು. 3 ಬಾಲಿಗೆ 2 ರನ್ ಬೇಕಿತ್ತು, ಮೂರೂ ಬಾಲಿಗೆ ಮೂರು ವಿಕೆಟ್ ಬಿತ್ತು. ಕೊನೇ ಬಾಲಿಗೆ ಧೋನಿ ಒಂದು ಗ್ಲೌಸ್ ಬಿಚ್ಚಿಟ್ಟು ನಿಂತು, ಓಡಿಬಂದು ಸ್ಟಂಪ್ ಹಾರಿಸಿದ. 1 ರನ್ನಿನ ಗೆಲುವು. ನಾನು ಕಿರುಚಿಕೊಂಡು ಎದ್ದೆ. ಅಪ್ಪ ನನ್ನ ಮುಖ ನೋಡಿ ಕೇಳಿದ, "ನಾವಾ ಗೆದ್ದಿದ್ದು?"

ಹಬ್ಬ ಮುಗಿದ ಮೇಲೆ ಮಂಡ್ಯಕ್ಕೆ ಕರಕೊಂಡು ಹೋಗಿ ಕಣ್ಣು ತೋರಿಸಿದೆ. ಪರೀಕ್ಷೆ ಮಾಡಿದ ಡಾಕ್ಟರು, ಕಣ್ಣು ಚೆನ್ನಾಗೇ ಇದೆ, ಈಗಿರೋ ಕನ್ನಡಕವೇ ಸಾಕು ಅಂದರು. ಸಂಜೆ ಮನೆಗೆ ಬಂದು, ಅಪ್ಪ ಕೂರುವ ಜಾಗದಲ್ಲೇ ಕೂತು ಟೀವಿ ಹಾಕಿ ನೋಡಿದೆ. ಕೆಳಗಿನ ಪಟ್ಟಿಯಲ್ಲಿ ಇರೋದು 3ಓ 8ಓ ನನಗೂ ಗೊತ್ತಾಗಲಿಲ್ಲ. ಹಾಗಾದ್ರೆ ಅವತ್ತು ಕೊನೇ ಓವರಿನಲ್ಲಿ ನಾನು ಸ್ಕೋರು ಹೇಗೆ ಹೇಳ್ತಾ ಇದ್ದೆ? ಆಗ ನೆನಪಾಯ್ತು. ನನ್ನ ಕೈಯಲ್ಲಿ ಮೊಬೈಲ್ ಇತ್ತು.

ಇದರ ಲೆಕ್ಕ ಸರಳ. ನಮ್ಮ ಹಳೇ ಟೀವಿಗಳ ಚಿತ್ರದಲ್ಲಿ ಕಣ್ಣಿಗೆ ಬೀಳುವ ಅಡ್ಡಗೆರೆಗಳು 576. ಹೆಚ್‌ಡಿಯಲ್ಲಿ 1080. ಹಳೇ ಪರದೆಯ ಅಗಲ-ಎತ್ತರದ ಅಳತೆ 4:3, ಹೊಸದರದ್ದು 16:9. ಅಗಲದ ಚಿತ್ರವನ್ನು ಚೌಕದ ಪರದೆಗೆ ತುಂಬಿಸೋಕೆ ಎರಡೇ ದಾರಿ. ಒಂದು, ಎರಡೂ ಪಕ್ಕ ಕತ್ತರಿಸಬೇಕು. ಆಗ ಚಿತ್ರದ ಕಾಲು ಭಾಗವೇ ಹೋಗುತ್ತೆ. ಇಲ್ಲಾ, ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಇಡೀ ಚಿತ್ರವನ್ನು ಕುಗ್ಗಿಸಬೇಕು. ಆಗ 576 ಗೆರೆಗಳಲ್ಲಿ ಚಿತ್ರಕ್ಕೆ ಉಳಿಯೋದು 432. ಹೆಚ್‌ಡಿಯಲ್ಲಿ 40 ಗೆರೆ ಎತ್ತರ ಇರೋ ಒಂದು ಅಂಕಿ ಅಪ್ಪನ ಟೀವಿಗೆ ಬರುವಷ್ಟರಲ್ಲಿ 16 ಗೆರೆ ಆಗಿರುತ್ತೆ. ಅಷ್ಟರಲ್ಲಿ 3 ಯಾವುದು, 8 ಯಾವುದು?

ಸ್ಕೋರು ಕಾಣದಿದ್ರೆ ಕಾಮೆಂಟರಿ ಕೇಳಬಹುದಲ್ಲ ಅಂತೀರಿ. ನಮ್ಮ ಮನೇಲಿ ಬರ್ತಿದ್ದದ್ದು ಹಿಂದಿ ಕಾಮೆಂಟರಿ. ಅಪ್ಪನಿಗೆ ಕ್ರಿಕೆಟ್ ಬರುತ್ತೆ, ಹಿಂದಿ ಬರಲ್ಲ. ಆ ಅಂಕಿಗಳೇ ಅವನ ಕಾಮೆಂಟರಿ.

ಹಳೇ ಟೀವಿ ಎಲ್ಲ ಚೆನ್ನಾಗಿತ್ತು ಅಂತ ನಾನೇನೂ ಹೇಳಲ್ಲ. 1996ರ ಮಾರ್ಚ್ 9, ವಿಶ್ವಕಪ್ಪಿನ ಭಾರತ-ಪಾಕಿಸ್ತಾನ ಕ್ವಾರ್ಟರ್ ಫೈನಲ್, ಅದೇ ಚಿನ್ನಸ್ವಾಮಿಯಲ್ಲಿ. ನಾನಾಗ ಮಿಡ್ಲ್ ಸ್ಕೂಲು. ನಮ್ಮನೇಲಿದ್ದದ್ದು 14 ಇಂಚಿನ ಬ್ಲಾಕ್ ಅಂಡ್ ವೈಟ್. ಕರೆಂಟು ಹೋದಾಗ ಟ್ರ್ಯಾಕ್ಟರ್ ಬ್ಯಾಟರಿ ಬಿಚ್ಚಿ ತಂದು ಅದಕ್ಕೆ ಕೊಟ್ಟಿದ್ವಿ. ಹೆಂಚಿನ ಮೇಲೆ ಒಬ್ಬ ಆಂಟೆನಾ ತಿರುಗಿಸೋನು, ಒಳಗಿಂದ ಒಬ್ಬ "ಬಂತು, ಬಂತು, ಹೋಯ್ತು" ಅಂತ ಕೂಗೋನು. ಪರದೆ ತುಂಬಾ ಚುಕ್ಕೆ. ಬಾಲು ಎಲ್ಲಿ ಹೋಯ್ತು ಅಂತ ಫೀಲ್ಡರುಗಳು ಓಡೋ ದಿಕ್ಕು ನೋಡಿ ತಿಳಕೊಳ್ಳಬೇಕಿತ್ತು. ನಮ್ಮವರ ನೀಲಿ, ಅವರ ಹಸಿರು ಎರಡೂ ಒಂದೇ ಬೂದಿ ಬಣ್ಣ. ಆದರೂ ಸೊಹೈಲ್ ಫೋರ್ ಹೊಡೆದು ಬ್ಯಾಟು ತೋರಿಸಿದ್ದು, ಮುಂದಿನ ಬಾಲಿಗೇ ವೆಂಕಟೇಶ್ ಪ್ರಸಾದ್ ಅವನ ಆಫ್ ಸ್ಟಂಪ್ ಎಬ್ಬಿಸಿದ್ದು ಅಪ್ಪನಿಗೂ ಕಾಣಿಸ್ತು, ನನಗೂ ಕಾಣಿಸ್ತು. ಗೆದ್ದದ್ದು 39 ರನ್ನಿಂದ ಅಂತ ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

ಇಲ್ಲೊಂದು ವಿಷಯ ಗಮನಿಸಿ. ನಮ್ಮ ದೇಶದಲ್ಲಿ ಬಣ್ಣದ ಪ್ರಸಾರ ಶುರುವಾಗಿದ್ದು 1982ರಲ್ಲಿ, ದೆಹಲಿ ಏಷ್ಯಾಡ್ ವರ್ಷ. ಅಂದರೆ ಬಣ್ಣ ಬಂದು 14 ವರ್ಷ ಆದ ಮೇಲೂ ನಮ್ಮ ಬ್ಲಾಕ್ ಅಂಡ್ ವೈಟ್ ಡಬ್ಬ ಅದೇ ಸಿಗ್ನಲ್ ಹಿಡಿದು ಕೆಲಸ ಮಾಡ್ತಿತ್ತು. ಇದು ತಾನಾಗೇ ಆದದ್ದಲ್ಲ. ಅದರ ಹಿಂದೆ ಒಂದು ಕಥೆ ಇದೆ.

ಅಮೆರಿಕದಲ್ಲಿ 1950ರಲ್ಲಿ ಸಿಬಿಎಸ್ ಕಂಪನಿಯ ಬಣ್ಣದ ಪದ್ಧತಿಗೆ ಸರ್ಕಾರದ ಒಪ್ಪಿಗೆ ಸಿಕ್ಕಿತ್ತು. ಆದರೆ ಜನರ ಮನೆಯಲ್ಲಿದ್ದ ಹಳೇ ಸೆಟ್ಟುಗಳಲ್ಲಿ ಅದು ಕಾಣ್ತಾನೇ ಇರಲಿಲ್ಲ. 1951ರಲ್ಲಿ ಪ್ರಸಾರ ಶುರು ಮಾಡಿ, ಕೆಲವೇ ತಿಂಗಳಲ್ಲಿ ನಿಲ್ಲಿಸಿದರು. 1953ರಲ್ಲಿ ಒಪ್ಪಿಗೆ ಪಡೆದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಒಂದು ಉಪಾಯ ಇತ್ತು. ಬೆಳಕು-ನೆರಳಿನ ಚಿತ್ರವನ್ನು ಮೊದಲಿನ ಹಾಗೇ ಕಳಿಸೋದು, ಬಣ್ಣದ ಮಾಹಿತಿಯನ್ನು ಅದೇ ಸಿಗ್ನಲ್ಲಿನ ಸಂದಿಯಲ್ಲಿ ಸೇರಿಸೋದು. ಬಣ್ಣದ ಸೆಟ್ಟು ಎರಡನ್ನೂ ಓದಿಕೊಳ್ಳುತ್ತೆ. ಹಳೇ ಸೆಟ್ಟು ತನಗೆ ಅರ್ಥವಾದದ್ದನ್ನು ತೋರಿಸಿ ಉಳಿದದ್ದನ್ನು ಬಿಟ್ಟುಬಿಡುತ್ತೆ. ಜರ್ಮನಿಯ ವಾಲ್ಟರ್ ಬ್ರೂಕ್ ರೂಪಿಸಿದ, 1967ರಲ್ಲಿ ಪ್ರಸಾರಕ್ಕೆ ಬಂದ ಪಾಲ್ ಪದ್ಧತಿಯೂ ಇದೇ ದಾರಿ ಹಿಡೀತು. ನಾವು ತಗೊಂಡದ್ದು ಪಾಲ್. ನಮ್ಮ ಭಾಷೇಲಿ ಹೇಳೋದಾದ್ರೆ ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ. ಮದ್ದೂರಿನ ಹತ್ತಿರದ ಒಂದು ಹಟ್ಟಿಯಲ್ಲಿ ಟ್ರ್ಯಾಕ್ಟರ್ ಬ್ಯಾಟರಿ ಮೇಲೆ ಪ್ರಸಾದ್ ಕಂಡದ್ದು ಅದರಿಂದ.

ಹೆಚ್‌ಡಿ ವಿಷಯದಲ್ಲಿ ಹಾಗಾಗಲಿಲ್ಲ. ಜಪಾನಿನ ಎನ್‌ಹೆಚ್‌ಕೆ 1964ರ ಟೋಕಿಯೋ ಒಲಿಂಪಿಕ್ಸ್ ಆದ ಮೇಲೆ ಇದರ ಸಂಶೋಧನೆಗೆ ಕೈಹಾಕಿತು. ಈ ಸಲ ಚಿತ್ರದ ಗೆರೆಗಳ ಜತೆ ಆಕಾರವೂ ಬದಲಾಯ್ತು. ನಮ್ಮಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ ದೂರದರ್ಶನವೂ ಹೆಚ್‌ಡಿ ಚಾನೆಲ್ ಶುರು ಮಾಡಿತು. ಮೊದಮೊದಲು ಎಲ್ಲ ಕಡೆ ಪ್ರಸಾರದವರು ಹಳೇ ಸೆಟ್ಟಿನವರ ನೆನಪಿಟ್ಟುಕೊಂಡು ಅಕ್ಷರ, ಅಂಕಿಗಳನ್ನು ಚಿತ್ರದ ನಡುಭಾಗದಲ್ಲೇ ಇಡ್ತಿದ್ದರು. ಬರಬರುತ್ತಾ ಅವು ಅಂಚಿಗೆ ಸರಿದವು, ಸಣ್ಣವೂ ಆದವು. ದೊಡ್ಡ ಪರದೆಯವರಿಗೆ ಅದೇ ಅಂದ. ಬಾಲಿನ ಹೊಲಿಗೆ ಕೂಡ ಕಾಣುತ್ತೆ, ಸುಳ್ಳಲ್ಲ. ಹಳೇ ಪರದೆಯ ಮುಂದೆ ಕೂತವನಿಗೆ ಮಾತ್ರ ಏನು ಕಳೆದುಹೋಯ್ತು ಅಂತ ಯಾರೂ ಹೇಳಲಿಲ್ಲ. ಅವನು ತನ್ನ ಕಣ್ಣೇ ಹೋಯ್ತು ಅಂದುಕೊಂಡ.

ಇದು ನನಗೆ ಹೊಸದಾಗಬಾರದಿತ್ತು. ಆಫೀಸಿನಲ್ಲಿ ನಾನು ಮಾಡೋದೂ ಅದೇ. ಹಳೇ ಫೋನು ಇರೋರಿಗೆ ಸಪೋರ್ಟ್ ನಿಲ್ಲಿಸೋಣವಾ ಅಂತ ಮೀಟಿಂಗ್ ಆದರೆ ಮೊದಲು ತಲೆಯಾಡಿಸೋನು ನಾನು. ಅವರೆಲ್ಲ ಬೆರಳೆಣಿಕೆ ಜನ, ಕೋಡ್ ಸಲೀಸಾಗುತ್ತೆ ಅಂತ. ಆ ಬೆರಳೆಣಿಕೆಯಲ್ಲಿ ಯಾರಿದ್ದಾರೆ ಅಂತ ಒಂದು ದಿನವೂ ನೋಡಿದವನಲ್ಲ. ಈಗ ಕೇಳ್ತೀನಿ. ಎಲ್ಲ ಸಲವೂ ಗೆಲ್ಲಲ್ಲ, ಆದರೂ ಕೇಳ್ತೀನಿ.

ದೀಪಾವಳಿಗೆ 32 ಇಂಚಿನ ಹೊಸ ಟೀವಿ ತಗೊಂಡು ಹೋದೆ. ಹಳೇ ಡಿಶ್ ಡಬ್ಬಿಯನ್ನೇ ಅದಕ್ಕೆ ಚುಚ್ಚಿದೆ. ಅಪ್ಪ ಎರಡು ನಿಮಿಷ ನೋಡಿ, "ಇದ್ಯಾಕ್ಲಾ ಕೊಹ್ಲಿ ಹಿಂಗ್ ಊದ್ಕಂಡವ್ನೆ?" ಅಂದ. ಚೌಕದ ಚಿತ್ರ ಅಗಲಕ್ಕೆ ಎಳೆದುಕೊಂಡಿತ್ತು. ಹೆಚ್‌ಡಿ ಡಬ್ಬಿ ಬೇರೆ, ಅದರ ಪ್ಯಾಕಿಗೆ ತಿಂಗಳು ತಿಂಗಳು ದುಡ್ಡು ಬೇರೆ. ಅದನ್ನೂ ಹಾಕಿಸಿದೆ. ಬೆಂಗಳೂರಲ್ಲಿ ಸಂಬಳ ತಗೊಳ್ಳೋ ಮಗ ಇದ್ದ, ಆಯ್ತು. ನಮ್ಮ ಬೀದಿಯ ಎಲ್ಲ ಮನೆಗೂ ಆಗಲಿಲ್ಲ. ಈಗ ಮ್ಯಾಚ್ ಇದ್ದ ದಿನ ಅವರೆಲ್ಲ ನಮ್ಮನೇಲೇ ಕೂರ್ತಾರೆ.

ಮೊನ್ನೆ ಮೀಟಿಂಗಿನಲ್ಲಿದ್ದಾಗ ಅಪ್ಪನ ಫೋನು ಬಂತು. ಏನೋ ಅವಸರ ಇರಬೇಕು ಅಂತ ಹೊರಗೆ ಬಂದು ಎತ್ತಿದೆ.

"ಇನ್ನು ಹದಿನಾಲ್ಕು ಬೇಕು ಕಣ್ಲಾ, ಒಂಬತ್ತು ಬಾಲು. ನೀನ್ ನೋಡ್ತಿಲ್ವಾ?"